ನಮ್ಮವರ ಕಣ್ಣಿನಲ್ಲಿ ಅದು ಬೇರೆ ಥರ ಕಾಣುತ್ತದೆ

ಪ್ರಶ್ನೆ: ನಮ್ಮದು ಗಜೇಂದ್ರಗಡ. ಅವ್ವನಿಗೆ ಈಗ 62. ಮದುವೆಯಾಗಿ ಬಂದಾಗಿನಿಂದ ಕೈಮಗ್ಗದಲ್ಲಿ ಕೂತವಳು. ಹೋದ ಚಳಿಗಾಲದಲ್ಲಿ ಒಂದು ದಿನ ‘ಎಡಗಣ್ಣಾಗ ನಡುವ ಕರೀ ಮೋಡ ಬಂದಂಗಾಗೇತಿ, ಎಳಿ ಸೊಟ್ಟ ಕಾಣ್ತಾವ’ ಅಂದಳು. ಪೊರೆ ಇರಬೇಕು ಅಂದುಕೊಂಡೆವು. ಹುಬ್ಬಳ್ಳಿಗೆ ಕರೆದೊಯ್ದಾಗ ವೈದ್ಯರು ಪೊರೆ ಅಲ್ಲ, ಅಕ್ಷಿಪಟದಲ್ಲಿ ರಕ್ತ ಸೋರಿದೆ, ಇದು ವಯಸ್ಸಾದವರಿಗೆ ಬರುವ ಎಎಂಡಿ, ಅದರಲ್ಲೂ ಪಿಸಿವಿ ಎಂಬ ಬಗೆ ಎಂದು ಹೇಳಿ ಕಣ್ಣಿಗೆ ಇಂಜೆಕ್ಷನ್ ಶುರು ಮಾಡಿದರು. ಅಮೆರಿಕದಲ್ಲಿರುವ ಅಣ್ಣ ಅಲ್ಲಿ ಓದಿ ಹೇಳುವುದೇ ಬೇರೆ: ಈ ರೋಗ ಬಿಳಿಯರಿಗೆ ಹೆಚ್ಚಂತೆ, 75 ದಾಟಿದ ಮೇಲೆ ಬರುವುದಂತೆ, ಎರಡೂ ಕಣ್ಣಿನಲ್ಲಿ ಹಳದಿ ಚುಕ್ಕೆಗಳಿಂದ ಶುರುವಾಗಿ ನಿಧಾನಕ್ಕೆ ಬೆಳೆಯುವುದಂತೆ. ಅವ್ವನಿಗೆ ಇದರಲ್ಲಿ ಒಂದೂ ಹೊಂದುವುದಿಲ್ಲ. ಹಾಗಾದರೆ ಡಾಕ್ಟರು ಹೇಳಿದ್ದು ತಪ್ಪೇ? ಒಂದೇ ರೋಗ ಜನಾಂಗದಿಂದ ಜನಾಂಗಕ್ಕೆ ಬೇರೆಯಾಗುತ್ತದೆಯೇ? ರೋಣ, ನರಗುಂದದ ಕಡೆ ಇಷ್ಟು ಮಂದಿ ವಯಸ್ಸಾದವರಿದ್ದರೂ ಈ ರೋಗದ ಹೆಸರು ನಾವು ಕೇಳಿಯೇ ಇಲ್ಲ, ಯಾಕೆ?

ಉತ್ತರ: ಅಣ್ಣ ಓದಿದ ಲಕ್ಷಣಗಳ ಪಟ್ಟಿಗೆ ಹೊಂದಲಿಲ್ಲ ಅಂದ ಮಾತ್ರಕ್ಕೆ ರೋಗನಿರ್ಣಯ ತಪ್ಪಾಗುವುದಿಲ್ಲ. ಅರವತ್ತರ ಆಸುಪಾಸಿನ ವಯಸ್ಸು, ಒಂದೇ ಕಣ್ಣು, ಇದ್ದಕ್ಕಿದ್ದಂತೆ ನಡುವೆ ಕಪ್ಪು, ರಕ್ತಸ್ರಾವ. ನೀವು ಬರೆದ ಈ ವಿವರಗಳೆಲ್ಲ ಪಿಸಿವಿಗೆ ಚೆನ್ನಾಗಿಯೇ ಕೂಡಿಬರುತ್ತವೆ. ನಿಮ್ಮ ಅಣ್ಣ ಓದಿದ್ದೂ ಸುಳ್ಳಲ್ಲ. ಆದರೆ ಆ ಪಟ್ಟಿಯನ್ನು ಯಾರ ಕಣ್ಣು ನೋಡಿ ಬರೆದರು ಎಂಬುದನ್ನು ಕೇಳಬೇಕು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬೀವರ್ ಡ್ಯಾಮ್ ಎಂಬ ಸಣ್ಣ ಊರಿದೆ. 1988ರಿಂದ 1990ರವರೆಗೆ ಅಲ್ಲಿನ 43ರಿಂದ 86 ವಯಸ್ಸಿನ ಸುಮಾರು 4,900 ಜನರ ಅಕ್ಷಿಪಟದ ಫೋಟೊ ತೆಗೆದರು. ಬಹುತೇಕ ಎಲ್ಲರೂ ಯುರೋಪ್ ಮೂಲದ ಬಿಳಿಯರು. 1992ರಿಂದ 94ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಸೀಮೆಯಲ್ಲಿ 49 ದಾಟಿದ 3,654 ಜನರನ್ನು ಅದೇ ಬಗೆಯಲ್ಲಿ ಪರೀಕ್ಷಿಸಿದರು. ಅವರೂ ಹೆಚ್ಚಿನಂಶ ಬಿಳಿಯರೇ. ಚುಕ್ಕೆ ಎಷ್ಟು ದೊಡ್ಡದಾದರೆ ರೋಗ, ಯಾವುದು ಮೊದಲ ಹಂತ, ಯಾವುದು ಕೊನೆಯ ಹಂತ ಎಂದು ಅಳೆಯುವ ಕ್ರಮ ವಿಸ್ಕಾನ್ಸಿನ್‌ನಲ್ಲೇ ರೂಪುಗೊಂಡು ಜಗತ್ತಿಗೆಲ್ಲ ಮಾದರಿಯಾಯಿತು. ಅದು ಬಹಳ ಶ್ರದ್ಧೆಯ ಕೆಲಸ, ಅದಿಲ್ಲದಿದ್ದರೆ ಈ ರೋಗದ ಬಗ್ಗೆ ನಮಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೆ ಆ ಅಳತೆಗೋಲು ಹುಟ್ಟಿದ್ದು ಒಂದು ಬಗೆಯ ಜನರ ನಡುವೆ. ಅದನ್ನು ಹಿಡಿದುಕೊಂಡು ಗಜೇಂದ್ರಗಡಕ್ಕೋ ಒಸಾಕಾಕ್ಕೋ ಬಂದಾಗ ಕೆಲವು ಕಣ್ಣುಗಳು ಅಳತೆಗೆ ಸಿಗಲಿಲ್ಲ.

ಮುಂದೆ ಹೋಗುವ ಮುನ್ನ ರೋಗವನ್ನೊಮ್ಮೆ ಹತ್ತಿರದಿಂದ ನೋಡೋಣ. ಅಕ್ಷಿಪಟದ ನಡುಭಾಗದಲ್ಲಿ ಮಕುಲಾ ಎಂಬ ಪುಟ್ಟ ಜಾಗವಿದೆ, ಅಗಲ 5 ಮಿಲಿಮೀಟರಿನಷ್ಟು. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ಬಂದವರ ಮುಖ ಗುರುತು ಹಿಡಿಯುವುದು ಎಲ್ಲ ಈ ಜಾಗದ ಕೆಲಸ. ಇದಕ್ಕೆ ಅನ್ನಾಹಾರ ಪೂರೈಸುವುದು ಕೆಳಗಿರುವ ರಕ್ತನಾಳಗಳ ಪದರ, ಅದರ ಹೆಸರು ಕೋರಾಯ್ಡ್. ಎರಡರ ನಡುವೆ ಕಪ್ಪುವರ್ಣದ ಒಂದೇ ಒಂದು ಸಾಲಿನ ಜೀವಕೋಶಗಳು ಕೂತು ಮೇಲಿನಿಂದ ಬಂದ ಕಸವನ್ನು ಕೆಳಕ್ಕೆ ದಾಟಿಸುತ್ತ, ಕೆಳಗಿನಿಂದ ಬಂದ ಆಹಾರವನ್ನು ಮೇಲಕ್ಕೆ ಕೊಡುತ್ತ ಇರುತ್ತವೆ. ವಯಸ್ಸಾದಂತೆ ಈ ವ್ಯವಹಾರ ನಿಧಾನವಾಗುತ್ತದೆ. ದಾಟದೆ ಉಳಿದ ಕೊಬ್ಬು, ಪ್ರೋಟೀನು ಹಳದಿ ಚುಕ್ಕೆಗಳಾಗಿ ನಿಲ್ಲುತ್ತವೆ. ನಿಮ್ಮ ಅಣ್ಣ ಓದಿದ ಚುಕ್ಕೆ ಇದೇ, ಡ್ರೂಸೆನ್ ಎನ್ನುತ್ತಾರೆ. ಮುಂದೆ ಎರಡು ದಾರಿ. ಒಂದರಲ್ಲಿ ಆ ಕಪ್ಪುಕೋಶಗಳು ಸಾಯುತ್ತ ಹೋಗಿ ಮಕುಲಾದಲ್ಲಿ ಬೋಳು ಜಾಗ ಹರಡುತ್ತದೆ. ಇದು ಒಣ ಬಗೆಯ ಕೊನೆ ಹಂತ, ಹತ್ತಾರು ವರ್ಷ ಹಿಡಿಯುತ್ತದೆ. ಇನ್ನೊಂದರಲ್ಲಿ ಕೆಳಗಿನ ಪದರದಿಂದ ಹೊಸ ರಕ್ತನಾಳಗಳು ಮೊಳೆತು ಮೇಲಕ್ಕೆ ನುಗ್ಗಿ ಸೋರುತ್ತವೆ. ಇದು ತೇವದ ಬಗೆ, ವಾರಗಳಲ್ಲಿ ದೃಷ್ಟಿ ತೆಗೆಯಬಲ್ಲದು. ಯಾವ ಬಗೆಯಾದರೂ ಹೋಗುವುದು ನಡುವಿನ ನೋಟ ಮಾತ್ರ. ಸುತ್ತಲಿನ ನೋಟ ಉಳಿಯುತ್ತದೆ, ಅಂಗಳದಲ್ಲಿ ತಡವರಿಸದೆ ನಡೆದಾಡಬಹುದು. ಆದರೆ ಜೋಳ ಹಸನು ಮಾಡುವಾಗ ಹರಳು ಕಾಣುವುದಿಲ್ಲ, ಬಾಗಿಲಿಗೆ ಬಂದ ಮಗಳ ಮುಖ ಕಾಣುವುದಿಲ್ಲ.

ಇನ್ನು ಪಿಸಿವಿ. ಇದರ ಕಥೆಯಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ.

1982ರಲ್ಲಿ ಲಾರೆನ್ಸ್ ಯನೂಜಿ ಎಂಬ ಅಮೆರಿಕದ ವೈದ್ಯರು ಮಯಾಮಿಯಲ್ಲಿ ನಡೆದ ತಜ್ಞರ ಸಭೆಯಲ್ಲಿ ವಿಚಿತ್ರ ಕಾಯಿಲೆಯೊಂದನ್ನು ವಿವರಿಸಿದರು. ಕೋರಾಯ್ಡ್‌ನಿಂದ ಬಂದ ರಕ್ತನಾಳದ ಕವಲುಗಳು ತುದಿಯಲ್ಲಿ ದ್ರಾಕ್ಷಿಯ ಹಣ್ಣಿನಂತೆ ಉಬ್ಬಿಕೊಂಡು ಕಿತ್ತಳೆ ಬಣ್ಣದ ಗಂಟುಗಳಾಗಿ ಕಾಣುತ್ತಿದ್ದವು. ಆ ಗಂಟು ಒಡೆದಾಗ ಅಕ್ಷಿಪಟದಡಿ ರಕ್ತ ಹರಡುತ್ತಿತ್ತು. ಮೊದಮೊದಲು ಇದು ನಡುವಯಸ್ಸಿನ ಕಪ್ಪು ಹೆಂಗಸರ ಅಪರೂಪದ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದರು. ಗಂಟಿಗೆ ಪಾಲಿಪ್ ಎಂದು ಹೆಸರಿಟ್ಟು, ಉದ್ದ ಹೆಸರನ್ನು ಮೊಟಕು ಮಾಡಿ ಪಿಸಿವಿ ಎಂದರು.

ಚಿತ್ರ ಬದಲಾದದ್ದು ಒಂದು ಹಸಿರು ಬಣ್ಣದಿಂದ. ಇಂಡೋಸಯನಿನ್ ಗ್ರೀನ್ ಎಂಬ ಆ ಬಣ್ಣವನ್ನು ತೋಳಿನ ರಕ್ತನಾಳಕ್ಕೆ ಚುಚ್ಚಿದರೆ ರಕ್ತದ ಪ್ರೋಟೀನಿಗೆ ಅಂಟಿಕೊಂಡು ನಾಳದೊಳಗೇ ಉಳಿಯುತ್ತದೆ, ಹೊರಗೆ ಸೋರಿ ಚಿತ್ರ ಕೆಡಿಸುವುದಿಲ್ಲ. ಅದು ಬೆಳಗುವುದು ಅವಗೆಂಪು ಬೆಳಕಿನಲ್ಲಿ. ಅವಗೆಂಪು ಬೆಳಕು ಕಣ್ಣಿನ ಕಪ್ಪುವರ್ಣವನ್ನೂ ತೆಳುವಾದ ರಕ್ತದ ಪದರವನ್ನೂ ದಾಟಿ ಬರಬಲ್ಲದು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಹಳದಿ ಬಣ್ಣದ ಪರೀಕ್ಷೆಯಲ್ಲಿ ಕಪ್ಪುವರ್ಣದ ಅಡಿಯಲ್ಲಿ ಮುಚ್ಚಿಹೋಗುತ್ತಿದ್ದ ಗಂಟುಗಳು ಈಗ ಬೆಳ್ಳಗೆ ಎದ್ದು ಕಂಡವು. ಜಪಾನಿನ ವೈದ್ಯರು ತಮ್ಮಲ್ಲಿ ತೇವದ ಎಎಂಡಿ ಎಂದು ದಾಖಲಾದ ರೋಗಿಗಳನ್ನು ಈ ಪರೀಕ್ಷೆಗೆ ಒಳಪಡಿಸಿದರು. 2007ರಲ್ಲಿ ಪ್ರಕಟವಾದ ಅವರ ಒಂದು ವರದಿಯಲ್ಲಿ ಇಂಥ 289 ರೋಗಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಜನ, ಸುಮಾರು ಶೇ. 55, ಪಿಸಿವಿಯವರು! ಬಿಳಿಯರಲ್ಲಿ ಈ ಪಾಲು ಸುಮಾರು ಶೇ. 8ರಿಂದ 13. ಅಪರೂಪದ್ದು ಎಂದುಕೊಂಡಿದ್ದ ಕಾಯಿಲೆ ಏಷ್ಯಾದಲ್ಲಿ ದಿನನಿತ್ಯದ್ದಾಗಿತ್ತು, ನೋಡುವ ಸಾಧನ ಇರಲಿಲ್ಲ ಅಷ್ಟೆ. ಭಾರತದಲ್ಲೂ ಹಸಿರು ಬಣ್ಣದ ಪರೀಕ್ಷೆ ಬಂದ ಮೇಲೆ ಮಧುರೈ, ಚೆನ್ನೈ, ಹೈದರಾಬಾದ್, ಬೆಂಗಳೂರುಗಳ ಅಕ್ಷಿಪಟ ತಜ್ಞರಿಗೆ ಪಿಸಿವಿ ಪರಿಚಿತ ರೋಗವಾಯಿತು.

ನಮ್ಮವರಲ್ಲಿ ಅದು ಹೇಗೆ ಕಾಣುತ್ತದೆ? ಬಿಳಿಯರ ಎಎಂಡಿಗಿಂತ ಕೆಲವು ವರ್ಷ ಮೊದಲೇ, ಐವತ್ತರ ಕೊನೆ ಅರವತ್ತರ ಸುಮಾರಿಗೆ ಬರುವುದು ಹೆಚ್ಚು. ಸಾಮಾನ್ಯವಾಗಿ ಮೊದಲು ಒಂದೇ ಕಣ್ಣಿಗೆ. ಡ್ರೂಸೆನ್ ಚುಕ್ಕೆಗಳು ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಕೋರಾಯ್ಡ್ ಪದರ ಬಹಳ ಜನರಲ್ಲಿ ಸಾಮಾನ್ಯಕ್ಕಿಂತ ದಪ್ಪಗಿದ್ದು, ಅದರ ದೊಡ್ಡ ನಾಳಗಳು ಹಿಗ್ಗಿ ಮೇಲಿನ ತೆಳು ಪದರವನ್ನು ಒತ್ತುತ್ತಿರುತ್ತವೆ. ಬಿಳಿಯರ ಎಎಂಡಿಯಲ್ಲಿ ಕೋರಾಯ್ಡ್ ಸವೆದು ತೆಳ್ಳಗಾಗಿರುವುದೇ ಹೆಚ್ಚು. ಎಷ್ಟೋ ಸಲ ಅದು ಸದ್ದಿಲ್ಲದೆ ಬರುವುದಿಲ್ಲ, ರಕ್ತ ದೊಡ್ಡ ಪ್ರಮಾಣದಲ್ಲಿ ಸೋರಿ ಒಂದು ದಿನದಲ್ಲಿ ನೋಟ ಕಪ್ಪಾಗುತ್ತದೆ. ಗಂಟುಗಳ ಜಾಗವೂ ಬೇರೆ: ಬಿಳಿಯರಲ್ಲಿ, ಕಪ್ಪು ಜನರಲ್ಲಿ ಕಣ್ಣಿನ ನರ ಹೊರಡುವ ಸುತ್ತಮುತ್ತ ಹೆಚ್ಚಾಗಿ ಕಂಡರೆ, ಏಷ್ಯಾದವರಲ್ಲಿ ಮಕುಲಾದಲ್ಲೇ ಹೆಚ್ಚು. ನೇರ ನಡುವಿಗೇ ಏಟು.

ಇಷ್ಟು ಓದಿದ ಮೇಲೆ ನಿಮ್ಮ ಅವ್ವನ ಕಣ್ಣು ಪಟ್ಟಿಗೆ ಹೊರತಲ್ಲ, ಅದು ಇನ್ನೊಂದು ಪಟ್ಟಿಯದು ಎಂಬುದು ನಿಮಗೇ ತಿಳಿದಿರಬೇಕು. ಬಿಳಿಯರ ಲಕ್ಷಣಗಳನ್ನೇ ಎದುರಿಗಿಟ್ಟುಕೊಂಡು ‘ಚುಕ್ಕೆ ಇಲ್ಲ, ವಯಸ್ಸೂ ಆಗಿಲ್ಲ, ಇದು ಅದಲ್ಲ’ ಎಂದು ಕೂತಿದ್ದರೆ ಚಿಕಿತ್ಸೆಯ ಹೊತ್ತು ಮೀರುತ್ತಿತ್ತು. ನಿಮ್ಮ ವೈದ್ಯರು ಹಾಗೆ ಕೂರಲಿಲ್ಲ.

ಹಾಗಾದರೆ ರೋಗ ನಮಗೆ ಕಡಿಮೆಯೇ? ಒಟ್ಟು ಲೆಕ್ಕದಲ್ಲಿ ಕಡಿಮೆ, ಹೌದು. 2014ರಲ್ಲಿ ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಮಾಡಿದ ಲೆಕ್ಕದಲ್ಲಿ 45ರಿಂದ 85 ವಯಸ್ಸಿನ ಯುರೋಪ್ ಮೂಲದವರಲ್ಲಿ ಯಾವುದಾದರೂ ಹಂತದ ಎಎಂಡಿ ಇರುವವರು ಶೇ. 12.3, ಏಷ್ಯಾದವರಲ್ಲಿ ಶೇ. 7.4. ವ್ಯತ್ಯಾಸ ತೀರ ಎದ್ದು ಕಾಣುವುದು ಒಣ ಬಗೆಯ ಕೊನೆ ಹಂತದಲ್ಲಿ: ಅವರಲ್ಲಿ ಶೇ. 1.11, ಏಷ್ಯಾದವರಲ್ಲಿ ಶೇ. 0.21. ಅಮೆರಿಕದ ಆರು ಕಡೆ ನಾಲ್ಕು ಜನಾಂಗಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದ ಮೆಸಾ ಅಧ್ಯಯನದಲ್ಲಿ ಬಿಳಿಯರಿಗೆ ಶೇ. 5.4, ಚೀನೀ ಮೂಲದವರಿಗೆ 4.6, ಹಿಸ್ಪಾನಿಕರಿಗೆ 4.2, ಕಪ್ಪು ಜನರಿಗೆ 2.4.

ಆದರೆ ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇಂಥ ವರದಿಗಳಲ್ಲಿ ‘ಏಷ್ಯನ್’ ಎಂದಾಗ ಅದು ಬಹುಪಾಲು ಜಪಾನ್, ಚೀನಾ, ಕೊರಿಯಾದವರು. ನಿಮ್ಮ ಅಣ್ಣ ಅಮೆರಿಕದ ಆಸ್ಪತ್ರೆಯ ಅರ್ಜಿಯಲ್ಲಿ ಅದೇ ಚೌಕಕ್ಕೆ ಗುರುತು ಹಾಕುತ್ತಾನೆ, ಟೋಕಿಯೊದಿಂದ ಬಂದವನೂ ಅದಕ್ಕೇ ಹಾಕುತ್ತಾನೆ. ಕಣ್ಣಿನ ಮಟ್ಟಿಗೆ ಅವರಿಬ್ಬರನ್ನು ಒಂದೇ ಎನ್ನಲು ಆಧಾರವಿಲ್ಲ. ಸಿಂಗಪುರದವರು ಚೀನೀಯರು, ಮಲಯರು, ಭಾರತೀಯರು ಎಂದು ಮೂವರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದ್ದು ಇದೇ ಕಾರಣಕ್ಕೆ. ಅಲ್ಲಿನ ಭಾರತೀಯರ ಸಮೀಕ್ಷೆ 2007ರಿಂದ 2009ರವರೆಗೆ, 40 ದಾಟಿದ 3,400 ಜನರ ಮೇಲೆ ನಡೆಯಿತು.

ನಮ್ಮ ನೆರೆಯಲ್ಲೇ ನಡೆದ ಕೆಲಸವೂ ಇದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ 1996ರಿಂದ 2000ದವರೆಗೆ ಆಗಿನ ಆಂಧ್ರಪ್ರದೇಶದ ಹಳ್ಳಿ ಪಟ್ಟಣಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 40 ದಾಟಿದವರಲ್ಲಿ ಎಎಂಡಿ ಶೇ. 1.82. ಇದಾದ ಕೆಲವು ವರ್ಷಕ್ಕೆ ದೆಹಲಿ ಬಳಿಯ ಗುರುಗ್ರಾಮ ಮತ್ತು ಪುದುಚೇರಿ ಸುತ್ತಮುತ್ತ 60 ದಾಟಿದವರನ್ನೇ ಆರಿಸಿಕೊಂಡು, ಫೋಟೊ ತೆಗೆದು ಯುರೋಪಿನ ಕ್ರಮದಲ್ಲೇ ಅಳೆದ ಇಂಡ್‌ಐ ಅಧ್ಯಯನ ನಡೆಯಿತು. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇದರಲ್ಲಿ ಮೊದಲ ಹಂತದ ಲಕ್ಷಣಗಳು ನಮ್ಮ ಮುದುಕರಲ್ಲೂ ಪಶ್ಚಿಮದವರಲ್ಲಿ ಇರುವಷ್ಟೇ ಇದ್ದವು. ಕೊನೆ ಹಂತ ಮಾತ್ರ ಕಡಿಮೆ, ಶೇ. 1.2. ಅಂದರೆ ರೋಗದ ಬೀಜ ನಮ್ಮಲ್ಲೂ ಅಷ್ಟೇ ಇದೆ, ಕೊನೆ ಮುಟ್ಟುವವರು ಸ್ವಲ್ಪ ಕಡಿಮೆ. ಶೇ. 1.2 ಎಂದರೆ ಸಣ್ಣ ಸಂಖ್ಯೆ ಎನಿಸೀತು, ಆದರೆ ಆ ವಯಸ್ಸು ಮುಟ್ಟುವವರು ಈಗ ಬಹಳ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ 32ರ ಸುಮಾರಿನಲ್ಲಿತ್ತು, ಈಗ 70ರ ಸುಮಾರಿಗೆ ಬಂದಿದೆ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಈ ರೋಗ ಬರುವ ವಯಸ್ಸು ಮುಟ್ಟುವವರೇ ಕಡಿಮೆಯಿದ್ದರು. ಇಂದು ರೋಣದ ಯಾವ ಓಣಿಗೆ ಹೋದರೂ ಕಟ್ಟೆಯ ಮೇಲೆ ಎಪ್ಪತ್ತು ದಾಟಿದವರು ಕೂತಿರುತ್ತಾರೆ.

ಈ ವ್ಯತ್ಯಾಸ ಯಾಕೆ ಎಂಬುದಕ್ಕೆ 2005ರಲ್ಲಿ ಒಂದು ದೊಡ್ಡ ಸುಳಿವು ಸಿಕ್ಕಿತು. ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ವ್ಯವಸ್ಥೆಯಿದೆ, ಒಳಬಂದ ರೋಗಾಣುವನ್ನು ಹೊಡೆಯುವುದು ಅದರ ಕೆಲಸ. ಅದು ಮಿತಿಮೀರದಂತೆ ಲಗಾಮು ಹಿಡಿಯುವ ಪ್ರೋಟೀನಿನ ಜೀನ್ ಸಿಎಫ್‌ಎಚ್. ಆ ಜೀನಿನಲ್ಲಿ ಒಂದೇ ಅಕ್ಷರ ಬದಲಾದರೆ ಲಗಾಮು ಸಡಿಲವಾಗಿ, ಅಕ್ಷಿಪಟದಡಿ ಸಣ್ಣ ಉರಿಯೂತ ವರ್ಷಾನುಗಟ್ಟಲೆ ನಡೆದು, ಡ್ರೂಸೆನ್ ಕಟ್ಟಿಕೊಳ್ಳಲು ದಾರಿಯಾಗುತ್ತದೆ. ಅಮೆರಿಕದ ಬೇರೆ ಬೇರೆ ತಂಡಗಳು ಆ ವರ್ಷ ಒಟ್ಟಿಗೇ ಇದನ್ನು ಕಂಡುಹಿಡಿದವು. ಈ ಬದಲಾದ ರೂಪ ಯುರೋಪ್ ಮೂಲದವರ ಜೀನ್‌ಗಳಲ್ಲಿ ನೂರಕ್ಕೆ 35ರ ಸುಮಾರು, ಜಪಾನ್ ಚೀನಾಗಳಲ್ಲಿ ನೂರಕ್ಕೆ 5ರ ಸುಮಾರು, ಭಾರತೀಯರು ಇವೆರಡರ ನಡುವೆ. ಪೂರ್ವ ಏಷ್ಯಾದಲ್ಲಿ ಡ್ರೂಸೆನ್, ಒಣ ಬಗೆ ಎರಡೂ ಯಾಕೆ ಕಡಿಮೆ ಎಂಬುದು ಇದರಿಂದ ಬಹುಮಟ್ಟಿಗೆ ತಿಳಿಯುತ್ತದೆ. ಇನ್ನೊಂದು ಜೀನ್ ಹತ್ತನೆಯ ಕ್ರೋಮೊಸೋಮಿನಲ್ಲಿರುವ ಎಆರ್‌ಎಂಎಸ್2. ತೇವದ ಬಗೆಗೂ ಪಿಸಿವಿಗೂ ಅದರ ನಂಟು ಗಟ್ಟಿ. ಅದರ ಅಪಾಯದ ರೂಪ ಯುರೋಪಿಗಿಂತ ಏಷ್ಯಾದಲ್ಲೇ ಹೆಚ್ಚು. ಹೈದರಾಬಾದಿನ ಸಂಶೋಧಕರು ಭಾರತದ ರೋಗಿಗಳಲ್ಲಿ ಎರಡೂ ಜೀನ್‌ಗಳ ನಂಟನ್ನು ತೋರಿಸಿದ್ದಾರೆ.

ಬಣ್ಣದ ಮಾತೂ ಬರುತ್ತದೆ. ಕಪ್ಪು ಜನರಿಗೆ ಕೊನೆ ಹಂತ ಕಡಿಮೆಯಿರುವುದನ್ನು ನೋಡಿ, ಕೋರಾಯ್ಡ್‌ನಲ್ಲಿ ಹೆಚ್ಚಿರುವ ಮೆಲನಿನ್ ಬೆಳಕಿನ ಹಾನಿಯಿಂದ ಕಾಯುತ್ತದೆ ಎಂದು ಕೆಲವರು ವಾದಿಸುತ್ತಾರೆ. ಇದು ಕೇಳಲು ಸರಿಯೆನಿಸಿದರೂ ಗಟ್ಟಿ ಪುರಾವೆಯಿಂದ ಇತ್ಯರ್ಥವಾಗಿಲ್ಲ. ನಮ್ಮ ಎರೆಹೊಲದ ಬಿಸಿಲಿನಲ್ಲಿ ದುಡಿದವರ ಕಣ್ಣು ಕಪ್ಪಿದೆ, ಅವರಿಗೇನೂ ಆಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಜನಾಂಗ ಎಂದು ನಾವು ಕರೆಯುವುದು ಇಲ್ಲಿ ಒಂದು ಗುಂಪಿನ ಸರಾಸರಿ ಮಾತ್ರ. ಯಾವ ಜೀನ್ ರೂಪವೂ ಒಬ್ಬರ ಸ್ವತ್ತಲ್ಲ, ಎಲ್ಲ ಕಡೆಯೂ ಇದೆ, ಕೆಲವೆಡೆ ಹೆಚ್ಚು ಕೆಲವೆಡೆ ಕಡಿಮೆ. ಬಿಳಿಯರಲ್ಲೂ ಪಿಸಿವಿ ಇದೆ, ನಮ್ಮಲ್ಲೂ ಅಚ್ಚುಕಟ್ಟಾಗಿ ಚುಕ್ಕೆಗಳಿಂದ ಶುರುವಾಗುವ ಎಎಂಡಿ ಇದೆ. ಇದನ್ನು ಜಾತಿಗೆ, ಕುಲಕ್ಕೆ ಇಳಿಸಿ ‘ನಮ್ಮವರಿಗೆ ಬರುತ್ತದೆ, ಅವರಿಗೆ ಬರುವುದಿಲ್ಲ’ ಎಂದು ಮಾತಾಡುವುದಕ್ಕೆ ಯಾವ ನೆಲೆಯೂ ಇಲ್ಲ. ಆದರೆ ಮನೆತನದ ಮಾತು ಬೇರೆ: ತಂದೆತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ಅಪಾಯ ಹಲವು ಪಟ್ಟು ಹೆಚ್ಚು. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ನಮ್ಮ ಕಡೆ ಸೋದರಮಾವ, ಅಕ್ಕನ ಮಗಳು ಎಂದು ರಕ್ತಸಂಬಂಧದಲ್ಲಿ ಮದುವೆ ಮಾಡುತ್ತ ಬಂದಿದ್ದೇವೆ. ಅದರಿಂದ ಹೆಚ್ಚುವ ಅಕ್ಷಿಪಟದ ರೋಗ ಬೇರೆಯೇ, ರೆಟಿನೈಟಿಸ್ ಪಿಗ್ಮೆಂಟೋಸಾ. ಅದು ಚಿಕ್ಕ ವಯಸ್ಸಿನಲ್ಲಿ ಇರುಳುಗುರುಡಾಗಿ ಶುರುವಾಗಿ ಅಂಚಿನಿಂದ ನೋಟವನ್ನು ತಿನ್ನುತ್ತ ಬರುತ್ತದೆ. ನಿಮ್ಮ ಅವ್ವನದು ಅದಲ್ಲ.

ರಕ್ತದಲ್ಲಿ ಬಂದದ್ದನ್ನು ಬದಲಿಸಲಾಗದು, ಬದುಕಿನ ರೀತಿಯನ್ನು ಬದಲಿಸಬಹುದು. ಎಲ್ಲ ಜನಾಂಗಗಳಲ್ಲೂ ಸಾಬೀತಾದ ಅಪಾಯ ತಂಬಾಕಿನ ಹೊಗೆ. ಆಂಧ್ರದ ಸಮೀಕ್ಷೆಯಲ್ಲಿ ಚುಟ್ಟಾ ಸೇದಿದವರಲ್ಲಿ ಎಎಂಡಿ ಹೆಚ್ಚಿತ್ತು, ನಮ್ಮಲ್ಲಿ ಬೀಡಿ ಎಂದು ಓದಿಕೊಳ್ಳಿ. ಇಂಡ್‌ಐ ಅಧ್ಯಯನಕ್ಕೆ ರಕ್ತ ಕೊಟ್ಟ ಹಿರಿಯರಲ್ಲಿ ಸಿ ವಿಟಮಿನ್ ಕೊರತೆಯಿದ್ದವರು ಉತ್ತರದಲ್ಲಿ ಮುಕ್ಕಾಲು ಪಾಲಿನ ಹತ್ತಿರ, ದಕ್ಷಿಣದಲ್ಲಿ ಅರ್ಧದ ಹತ್ತಿರ. ಮುದುಕರ ತಟ್ಟೆಗೆ ಹಸಿಯಾದದ್ದು ಏನೂ ಬೀಳುತ್ತಿಲ್ಲ ಎಂದೇ ಇದರ ಅರ್ಥ. ಮಕುಲಾದ ಹಳದಿ ಬಣ್ಣ ಬರುವುದೇ ಹಸಿರು ಸೊಪ್ಪಿನ ಲೂಟೀನ್‌ನಿಂದ. ಎರೆಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ, ಮೆಂತೆಪಲ್ಲೆ, ಜೊತೆಗೊಂದು ಹೋಳು ಲಿಂಬೆ. ಊಟಕ್ಕೆ ರೊಟ್ಟಿಯ ಪಕ್ಕ ಇವನ್ನೆಲ್ಲ ಹಸಿಯಾಗಿಯೇ ಇಟ್ಟುಕೊಂಡು ತಿನ್ನುತ್ತಿದ್ದ ರೂಢಿ ಗದಗ ಸೀಮೆಯಲ್ಲಿ ಇನ್ನೂ ಪೂರ್ತಿ ಹೋಗಿಲ್ಲ, ಅದನ್ನು ಹಲ್ಲಿಲ್ಲದವರಿಗೂ ಹೆಚ್ಚಿ, ಕುಟ್ಟಿ ಕೊಡಿ. ವಿಟಮಿನ್ ಗುಳಿಗೆಗಳ ಬಗ್ಗೆ ಮಾತ್ರ ಎಚ್ಚರ. ಅಮೆರಿಕದಲ್ಲಿ 2001ರಲ್ಲಿ ಮುಗಿದ ದೊಡ್ಡ ಪ್ರಯೋಗದಲ್ಲಿ ಅವು ರೋಗದ ಮುನ್ನಡೆಯನ್ನು ಕಾಲುಭಾಗ ತಗ್ಗಿಸಿದ್ದು ನಿಜ, ಆದರೆ ನಡುಹಂತದ ಚುಕ್ಕೆ ಇರುವವರಲ್ಲಿ. ಚುಕ್ಕೆಯೇ ಇಲ್ಲದ ಪಿಸಿವಿಗೆ ಆ ಲೆಕ್ಕ ನೇರ ಅನ್ವಯಿಸುವುದಿಲ್ಲ. ಬೀಡಿ ಸೇದುವವರಿಗೆ ಬೀಟಾ ಕೆರೊಟಿನ್ ಇರುವ ಹಳೆಯ ಬಗೆಯ ಗುಳಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಅಂಗಡಿಯಲ್ಲಿ ಕೇಳಿ ತಂದು ಕೊಡಬೇಡಿ.

ಇನ್ನು ‘ಯಾಕೆ ಕೇಳಿಲ್ಲ’ ಎಂಬ ಪ್ರಶ್ನೆ. ಇದಕ್ಕೆ ನನ್ನ ಉತ್ತರ ನಮ್ಮ ಸೀಮೆಯ ಚರಿತ್ರೆಯಲ್ಲಿದೆ. ಈ ಭಾಗಕ್ಕೆ ಎರಡು ಬಗೆಯ ಕುರುಡು ಚೆನ್ನಾಗಿ ಗೊತ್ತು. ಒಂದು, ಹುಟ್ಟಿನಿಂದಲೋ ಬಾಲ್ಯದಿಂದಲೋ ಬಂದದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೂ ಪುಟ್ಟರಾಜ ಗವಾಯಿಗಳು, ತಾವೂ ಕಣ್ಣಿಲ್ಲದವರಾಗಿ ಕಣ್ಣಿಲ್ಲದ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಸಂಗೀತ ಕೊಟ್ಟರು. ಇನ್ನೊಂದು, ವಯಸ್ಸಿನ ಪೊರೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಹೂಡಿ, ಶಾಲೆಯ ಕೋಣೆಗಳಲ್ಲೇ ಸಾಲಾಗಿ ಮಲಗಿಸಿ, ಜೀವಮಾನದಲ್ಲಿ ಆರು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದರು. ಪೊರೆ ತೆಗೆದರೆ ಕಣ್ಣು ಬರುತ್ತದೆ ಎಂಬ ನಂಬಿಕೆ ಉತ್ತರ ಕರ್ನಾಟಕದ ಮನೆಮನೆಗೆ ಹೋದದ್ದು ಅವರಿಂದ. ಅದು ಕೋಟಿಗಟ್ಟಲೆ ಬೆಲೆಯ ನಂಬಿಕೆ. ದೇಶದಲ್ಲಿ 50 ದಾಟಿದವರ ಕುರುಡಿಗೆ ಮೂರರಲ್ಲಿ ಎರಡು ಪಾಲು ಕಾರಣ ಪೊರೆಯೇ ಎಂದು 2015ರಿಂದ 19ರ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಆದರೆ ಆ ನಂಬಿಕೆಯಿಂದ ಆದ ಒಂದು ತೊಡಕೆಂದರೆ, ಮುದುಕರ ಕಣ್ಣು ಮಂಜಾದರೆ ಸಾಕು, ಪೊರೆ ಎಂದು ಎಲ್ಲರೂ ಒಪ್ಪಿಬಿಡುತ್ತಾರೆ. ‘ಇನ್ನೂ ಮಾಗಲಿ’ ಎಂದು ಕಾಯುತ್ತಾರೆ. ಪೊರೆಗೆ ಆರು ತಿಂಗಳು ಕಾದರೆ ಸಾಮಾನ್ಯವಾಗಿ ನಷ್ಟವಿಲ್ಲ. ತೇವದ ಎಎಂಡಿಗೆ ಆರು ವಾರವೂ ಹೆಚ್ಚಾಯಿತು. ಪೊರೆಯ ಆಪರೇಷನ್ ಆದ ಮೇಲೂ ಅಕ್ಷರ ಕಾಣದೆ ಹೋದವರು ‘ಆಪರೇಷನ್ ಕೆಟ್ಟಿತು’ ಎಂದುಕೊಂಡು ಮನೆಯ ಮೂಲೆ ಹಿಡಿಯುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಪೊರೆಯ ಹಿಂದೆ ಮಕುಲಾದ ರೋಗವೋ, ಸಕ್ಕರೆ ಕಾಯಿಲೆಯ ಅಕ್ಷಿಪಟವೋ ಇರುತ್ತದೆ.

ಇನ್ನೂ ಒಂದು ಕಾರಣ, ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ. ಪಿಸಿವಿ ಒಂದೇ ಕಣ್ಣಿಗೆ ಬರುವುದು ಹೆಚ್ಚಾದ್ದರಿಂದ ನಮ್ಮವರಿಗೆ ಇದು ದೊಡ್ಡ ಮೋಸ. ನಿಮ್ಮ ಅವ್ವ ಬೇಗ ಗುರುತಿಸಿದ್ದು ಮಗ್ಗದಿಂದ. ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ ಎಂಬ ಕಣ್ಣಿನ ವೈದ್ಯರು 1940ರ ದಶಕದಲ್ಲಿ ಚೌಕಗಳ ಒಂದು ಹಾಳೆ ಮಾಡಿ, ನಡುವೆ ಚುಕ್ಕೆಯಿಟ್ಟು, ರೋಗಿ ಮನೆಯಲ್ಲೇ ನೋಡಿಕೊಳ್ಳುವ ದಾರಿ ತೋರಿಸಿದರು. ಜಗತ್ತಿನ ಕಣ್ಣಾಸ್ಪತ್ರೆಗಳಲ್ಲಿ ಇಂದಿಗೂ ಅದನ್ನೇ ಕೊಡುತ್ತಾರೆ. ಗಜೇಂದ್ರಗಡದಲ್ಲಿ ಅದೇ ಪರೀಕ್ಷೆ ಬಟ್ಟೆಯ ಮೇಲಿದೆ: ಪಟ್ಟೇದಂಚು ಸೀರೆಯ ಒಡಲಿನ ಚೌಕಡಿ. ಓದುವ ಕನ್ನಡಕ ಹಾಕಿಕೊಂಡು, ಬೆಳಕಿರುವ ಕಡೆ ಸೀರೆಯನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಹಿಡಿದು, ಒಂದು ಗೇಣಿಗಿಂತ ತುಸು ದೂರದಿಂದ, ಒಂದು ಕಣ್ಣು ಅಂಗೈಯಿಂದ ಮುಚ್ಚಿ, ಇನ್ನೊಂದರಿಂದ ಒಂದೇ ಚೌಕವನ್ನು ದಿಟ್ಟಿಸಬೇಕು. ಸುತ್ತಲಿನ ಗೆರೆ ಬಾಗಿದರೆ, ಚೌಕ ಕಳೆದುಹೋದರೆ, ನಡುವೆ ಕಲೆ ನಿಂತರೆ, ಮರುದಿನವೇ ಅಕ್ಷಿಪಟದ ವೈದ್ಯರಲ್ಲಿಗೆ. ಆಮೇಲೆ ಇನ್ನೊಂದು ಕಣ್ಣು. ಐವತ್ತು ದಾಟಿದ ಯಾರು ಬೇಕಾದರೂ ವಾರಕ್ಕೊಮ್ಮೆ ಇದನ್ನು ಮಾಡಬಹುದು. ಸೀರೆ ಇಲ್ಲದವರಿಗೆ ಶಾಲೆಯ ಮಕ್ಕಳ ಚೌಕುಳಿ ಪಟ್ಟಿ ಸಾಕು.

ಚಿಕಿತ್ಸೆಯಲ್ಲೂ ಜನಾಂಗದ ವ್ಯತ್ಯಾಸ ಒಳಗೆ ಬಂದಿದೆ. ಇಂಜೆಕ್ಷನ್ನು ವಿಇಜಿಎಫ್ ಎಂಬ ಸಂಕೇತವನ್ನು ತಡೆದು ಹೊಸ ನಾಳಗಳ ಸೋರಿಕೆ ನಿಲ್ಲಿಸುತ್ತದೆ. ಮೊದಲು ತಿಂಗಳಿಗೊಂದರಂತೆ ಮೂರು, ಆಮೇಲೆ ಕಣ್ಣು ಒಣಗಿದ್ದನ್ನು ನೋಡಿ ಅಂತರ ಹೆಚ್ಚಿಸುತ್ತ ಹೋಗುವುದು ರೂಢಿ. ಪಿಸಿವಿಯಲ್ಲಿ ಬರೀ ಇಂಜೆಕ್ಷನ್ನಿಗೆ ಗಂಟು ಕೆಲವೊಮ್ಮೆ ಬಗ್ಗುವುದಿಲ್ಲ. ಏಷ್ಯಾದ ಹಲವು ದೇಶಗಳ 322 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಎವರೆಸ್ಟ್ 2 ಪ್ರಯೋಗದಲ್ಲಿ ರಾನಿಬಿಜುಮ್ಯಾಬ್ ಜೊತೆಗೆ ಫೋಟೊಡೈನಮಿಕ್ ಎಂಬ ಬೆಳಕಿನ ಚಿಕಿತ್ಸೆಯನ್ನೂ ಕೊಟ್ಟಾಗ ಒಂದು ವರ್ಷದಲ್ಲಿ ಶೇ. 69ರಷ್ಟು ಜನರಲ್ಲಿ ಗಂಟುಗಳು ಪೂರ್ತಿ ಮುಚ್ಚಿದವು, ಬರೀ ಇಂಜೆಕ್ಷನ್ನಿಗೆ ಶೇ. 35ರಷ್ಟು. ಆ ಬೆಳಕಿನ ಚಿಕಿತ್ಸೆಗೆ ಬೇಕಾದ ವರ್ಟೆಪೋರ್ಫಿನ್ ಔಷಧದ ಪೂರೈಕೆ ಜಗತ್ತಿನಾದ್ಯಂತ ಕುಂಠಿತವಾದದ್ದೂ ಉಂಟು. ಇನ್ನೊಂದು ಪ್ರಯೋಗದಲ್ಲಿ ಅಫ್ಲಿಬರ್ಸೆಪ್ಟ್ ಒಂದರಿಂದಲೇ ಬಹುಪಾಲು ಜನರಿಗೆ ಕೆಲಸ ನಡೆಯಿತು ಎಂಬುದು ಸಮಾಧಾನ. ಖರ್ಚಿನ ಮಟ್ಟಿಗೆ, ಕ್ಯಾನ್ಸರಿಗೆಂದು ಬಂದ ಬೆವಾಸಿಜುಮ್ಯಾಬ್ ಅನ್ನು ಭಾರತದಲ್ಲಿ ಕಣ್ಣಿಗೆ ವ್ಯಾಪಕವಾಗಿ ಬಳಸುತ್ತಾರೆ. 2015ರಿಂದ ರಾನಿಬಿಜುಮ್ಯಾಬ್‌ನ ಅಗ್ಗದ ಭಾರತೀಯ ರೂಪವೂ ಇದೆ. ಅಣ್ಣ ಅಲ್ಲಿಂದ 2023ರಲ್ಲಿ ಬಂದ ಹೊಸ ಎಎಂಡಿ ಔಷಧದ ಸುದ್ದಿ ಕಳಿಸಿದರೆ ಗಲಿಬಿಲಿಯಾಗಬೇಡಿ. ಅದು ಕಾಂಪ್ಲಿಮೆಂಟ್ ವ್ಯವಸ್ಥೆಯನ್ನು ತಡೆಯುವ ಔಷಧ, ಒಣ ಬಗೆಯ ಕೊನೆ ಹಂತದವರಿಗೆ ಮಾತ್ರ. ಅವ್ವನಿಗೆ ಸಂಬಂಧವಿಲ್ಲ.

ಗಜೇಂದ್ರಗಡದಿಂದ ಹುಬ್ಬಳ್ಳಿಗೆ ಹೋಗಿಬರುವುದೆಂದರೆ ಇಡೀ ದಿನ, ಜೊತೆಗೊಬ್ಬರ ಕೂಲಿಯೂ ಹೋಯಿತು. ಹಾಗಾಗಿ ಎರಡು ಮೂರು ಇಂಜೆಕ್ಷನ್ ಆಗಿ ಕಣ್ಣು ತುಸು ತಿಳಿಯಾದ ಕೂಡಲೇ ಬಿಟ್ಟುಬಿಡುವವರು ಬಹಳ. ಗಂಟು ಉಳಿದಿದ್ದರೆ ಮತ್ತೆ ಒಡೆಯುತ್ತದೆ, ಎರಡನೇ ಸಲ ಸೋರಿದ ರಕ್ತ ಕಲೆಗಟ್ಟಿದರೆ ಯಾವ ಔಷಧವೂ ಆ ನೋಟವನ್ನು ಮರಳಿ ತರುವುದಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ನೇರವಾಗಿ ಕೇಳಿ: ಹಸಿರು ಬಣ್ಣದ ಪರೀಕ್ಷೆ ಆಗಿದೆಯೇ, ಗಂಟು ಮುಚ್ಚಿದೆಯೇ, ಬಲಗಣ್ಣಿನ ಕೋರಾಯ್ಡ್ ದಪ್ಪಗಿದೆಯೇ. ಆ ಪರೀಕ್ಷೆ ಇಲ್ಲದ ಕಡೆ, ಅಕ್ಷಿಪಟದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನಿನಿಂದಲೇ ಪಿಸಿವಿ ಗುರುತಿಸುವ ಕ್ರಮವನ್ನು ಏಷ್ಯಾದ ತಜ್ಞರು 2021ರಲ್ಲಿ ಒಪ್ಪಿ ಪ್ರಕಟಿಸಿದ್ದಾರೆ, ಅದನ್ನೂ ಕೇಳಬಹುದು. ಹಸಿರು ಬಣ್ಣದಲ್ಲಿ ಅಯೋಡಿನ್ ಇರುತ್ತದೆ, ಅವ್ವನಿಗೆ ಅಯೋಡಿನ್ ಒಗ್ಗದಿದ್ದರೆ ಮೊದಲೇ ಹೇಳಿ. ಬಿಪಿ ಇದ್ದರೆ ಅದರ ಗುಳಿಗೆ ತಪ್ಪಿಸಬೇಡಿ.

ನಿಮ್ಮ ಅಣ್ಣನೂ ನೀವೂ ಐವತ್ತರ ಹತ್ತಿರ ಬಂದಾಗ ಪಾಪೆ ಹಿಗ್ಗಿಸಿ ಅಕ್ಷಿಪಟ ತೋರಿಸಿಕೊಳ್ಳಬೇಕು. ಅಲ್ಲಿ ಅವನನ್ನು ನೋಡುವ ವೈದ್ಯರು ‘ಮನೆಯಲ್ಲಿ ಎಎಂಡಿ ಇದೆಯೇ’ ಎಂದು ಕೇಳಿದಾಗ ಬರೀ ಹೌದು ಅನ್ನದೆ, ತಾಯಿಗೆ 62ನೇ ವಯಸ್ಸಿನಲ್ಲಿ ಪಿಸಿವಿ ಆಯಿತು, ರಕ್ತ ಸೋರಿತು ಎಂದೇ ಹೇಳಬೇಕು. ಅವರು ಹುಡುಕಬೇಕಾದದ್ದು ಹಳದಿ ಚುಕ್ಕೆಯನ್ನಷ್ಟೇ ಅಲ್ಲ, ಅದರ ಕೆಳಗಿನ ಪದರವನ್ನೂ.